ಕಿರುಬೆರಳಿನ ಹಾಜರಿ

ನಮ್ಮ ಸಂಘದ ಹಾಜರಿ ಪುಸ್ತಕಕ್ಕೆ ಒಂದು ಪೆನ್ನನ್ನು ಸಣಬಿನ ದಾರದಿಂದ ಕಟ್ಟಿಡಲಾಗಿತ್ತು. ದಾರ ಎಷ್ಟು ಗಿಡ್ಡವಾಗಿತ್ತೆಂದರೆ, ಎಡಗೈಯವರು ಸಹಿ ಮಾಡಬೇಕಾದರೆ ಪುಸ್ತಕವನ್ನೇ ತಿರುಗಿಸಿಕೊಳ್ಳಬೇಕಾಗುತ್ತಿತ್ತು. ಶಿರಸಿಯಲ್ಲಿ ಅಡಿಕೆ ವಹಿವಾಟು ನಡೆಸುವ ಈ ಸಹಕಾರ ಸಂಘದಲ್ಲಿ 22 ವರ್ಷ ಆ ಪುಸ್ತಕದ ಉಸ್ತುವಾರಿ ನನ್ನದಾಗಿತ್ತು. ಯಾರ ಸಹಿ ಯಾವ ದಿನ ಬಿದ್ದದ್ದೆಂದು ಶಾಯಿ ನೋಡಿಯೇ ಹೇಳಬಲ್ಲವನಾಗಿದ್ದೆ. ಸೋಮವಾರದಿಂದ ಶನಿವಾರದವರೆಗಿನ ಆರೂ ಸಹಿಗಳು ಒಂದೇ ಹಸಿರು ಶಾಯಿಯಲ್ಲಿ, ಒಂದೇ ಕಡೆಗೆ ವಾಲಿಕೊಂಡು ಮಲಗಿದ್ದರೆ, ಅವೆಲ್ಲ ಶನಿವಾರ ಮಧ್ಯಾಹ್ನ ಒಂದೇ ಉಸಿರಿಗೆ ಹುಟ್ಟಿದವೆಂದು ತಿಳಿಯಲು ಪತ್ತೇದಾರನೇನೂ ಬೇಕಿರಲಿಲ್ಲ. ಬಂದ ವೇಳೆ ಬರೆಯುವ ಕಾಲಮ್ಮಿನಲ್ಲಿ ಮೊದಲನೆಯವರು 9-30 ಎಂದು ಬರೆದರೆ ಮುಗಿಯಿತು, ಕೆಳಗಿನವರೆಲ್ಲ ‘ಅದೇ’ ಎಂಬರ್ಥದ ಎರಡು ಗೀಟು ಎಳೆದು ಮುಂದೆ ಹೋಗುತ್ತಿದ್ದರು. 36 ಮಂದಿ ಒಂದೇ ಬಾಗಿಲಿನಲ್ಲಿ ಒಂದೇ ನಿಮಿಷಕ್ಕೆ ಹೇಗೆ ನುಗ್ಗಿದರೆಂದು ಲೆಕ್ಕ ತಪಾಸಣೆಗೆ ಬಂದವರು ಒಮ್ಮೆಯೂ ಕೇಳಲಿಲ್ಲ.

ಕೇಳಿದವರು ಆಡಳಿತ ಮಂಡಳಿಗೆ ಹೊಸದಾಗಿ ಆರಿಸಿ ಬಂದ ನಿರ್ದೇಶಕರೊಬ್ಬರು. ಅವರು ಕೇಳಿದ ಮರುತಿಂಗಳೇ ಬೆರಳಚ್ಚಿನಿಂದ ಹಾಜರಿ ಹಿಡಿಯುವ ಯಂತ್ರ ಬಂತು, ಅದನ್ನು ಕೂಡಿಸಿಕೊಡಲು ಹುಬ್ಬಳ್ಳಿಯಿಂದ ಒಬ್ಬ ಹುಡುಗನೂ ಬಂದ.

ಯಂತ್ರವೆಂದರೆ ಊಟದ ಡಬ್ಬಿಯಷ್ಟು ದೊಡ್ಡದು. ಆದರೆ ಅದನ್ನು ಎಲ್ಲಿ ನೇತುಹಾಕಬೇಕೆಂಬ ಚರ್ಚೆಗೆ ಅರ್ಧ ದಿನ ಹಿಡಿಯಿತು. ಹೊರ ಜಗಲಿಯಲ್ಲಿ ಮಳೆಯ ಇರಿಚಲು ಬಡಿಯುತ್ತದೆ. ಪೂರ್ವದ ಕಿಟಕಿಯ ಎದುರು ಬೆಳಗಿನ ಬಿಸಿಲು ನೇರವಾಗಿ ಗಾಜಿನ ಮೇಲೆ ಬೀಳುತ್ತದೆ, ಬೆಳಕಿನಿಂದಲೇ ಬೆರಳನ್ನು ಓದುವ ಈ ಜಾತಿಯ ಯಂತ್ರಕ್ಕೆ ಬಿಸಿಲು ಬಿದ್ದರೆ ಕಣ್ಣು ಕತ್ತಲೆ ಬರುತ್ತದಂತೆ. ವ್ಯವಸ್ಥಾಪಕರ ಕೋಣೆಯ ಬಾಗಿಲಿಗೆ ಹಾಕೋಣವೆಂದರೆ ಅದು ಯಾರಿಗೂ ಬೇಡ. ಕೊನೆಗೆ ಗೋದಾಮಿಗೂ ಕಚೇರಿಗೂ ನಡುವಿನ ಓಣಿಯ ಗೋಡೆ ನಿಶ್ಚಯವಾಯಿತು. ಚಿರೆಕಲ್ಲಿನ ಹಳೆಯ ಗೋಡೆ ಅದು. ಹುಡುಗ ಡ್ರಿಲ್ ಹಚ್ಚಿದ ಕೂಡಲೇ ಸುಣ್ಣದ ಗಿಲಾವು ಹಪ್ಪಳದ ಹಾಗೆ ಎದ್ದು ಬಂತು, ಒಳಗಿನಿಂದ ಕೆಂಪು ಹುಡಿ ಧಾರೆಯಾಗಿ ಸುರಿಯಿತು, ಬೋಲ್ಟ್ ಕೂರಬೇಕಾದ ತೂತು ಲಿಂಬೆಹಣ್ಣು ಹೋಗುವಷ್ಟು ಅಗಲವಾಯಿತು. ಗೋದಾಮಿನಿಂದ ಒಂದು ಹಲಗೆ ತಂದು, ಅದನ್ನು ಗೋಡೆಗೆ ಹೊಡೆದು, ಹಲಗೆಗೆ ಯಂತ್ರವನ್ನು ಬಿಗಿದೆವು.

ಆಮೇಲೆ ನಂಬರಿನ ತಕರಾರು ಎದ್ದಿತು. ಯಂತ್ರಕ್ಕೆ ಮನುಷ್ಯರ ಹೆಸರು ಬೇಕಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಬೇಕು. ಒಂದನೆಯ ಸಂಖ್ಯೆ ಹುದ್ದೆಯಲ್ಲಿ ಹಿರಿಯರಾದ ವ್ಯವಸ್ಥಾಪಕರದೋ, ಅವರಿಗಿಂತ ಆರು ವರ್ಷ ಮೊದಲೇ ನೌಕರಿಗೆ ಸೇರಿದ ತೂಕದ ಗುಮಾಸ್ತರದೋ ಎಂಬ ಪ್ರಶ್ನೆಯನ್ನು ಚಹಾ ಕುಡಿಯುತ್ತ ಬಗೆಹರಿಸೋಣವೆಂದು ನಾವು ಒಳಗೆ ಹೋದೆವು. ಹೊರಬಂದು ನೋಡುವಾಗ ಹುಡುಗ, ಯಂತ್ರ ನಡೆಯುತ್ತದೋ ಇಲ್ಲವೋ ನೋಡಲೆಂದು, ಖಾಲಿ ಲೋಟ ಒಯ್ಯಲು ನಿಂತಿದ್ದ ಎದುರಿನ ಹೋಟೆಲಿನವನ ಬೆರಳನ್ನು ಹಿಡಿದು ಒಂದನೆಯ ನಂಬರಿಗೆ ದಾಖಲಿಸಿಬಿಟ್ಟಿದ್ದ. ತೆಗೆದುಹಾಕು ಎಂದರೆ, “ಇರಲಿ ಬಿಡ್ರಿ ಸರ, ಟೆಸ್ಟಿಂಗಿಗೆ ಬೇಕಾಗ್ತೈತಿ” ಎಂದ. ತಕರಾರು ತಾನಾಗಿಯೇ ತಣ್ಣಗಾಯಿತು. ಎರಡನೆಯ ನಂಬರಿಗಾಗಿ ಜಗಳವಾಡುವಷ್ಟು ಉತ್ಸಾಹ ಯಾರಲ್ಲಿಯೂ ಉಳಿದಿರಲಿಲ್ಲ.

ಕೆಲಸಗಾರರನ್ನು ಸಂಖ್ಯೆಯಿಂದ ಗುರುತಿಸುವ ಪದ್ಧತಿ ಹೊಸದೇನಲ್ಲ. ಗಡಿಯಾರಕ್ಕೆ ಹಾಜರಿ ಹಿಡಿಯುವ ಕೆಲಸವನ್ನು ಹಚ್ಚಿದವನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿ, ಕಾಲ 1888. ಅವನ ಯಂತ್ರದಲ್ಲಿ ಒಬ್ಬೊಬ್ಬ ಕೆಲಸಗಾರನಿಗೂ ನಂಬರು ಕೊರೆದ ಒಂದೊಂದು ಕೀಲಿಕೈ ಇರುತ್ತಿತ್ತು, ಅದನ್ನು ತೂರಿಸಿ ತಿರುಗಿಸಿದರೆ ಕಾಗದದ ಪಟ್ಟಿಯ ಮೇಲೆ ನಂಬರೂ ವೇಳೆಯೂ ಅಚ್ಚಾಗುತ್ತಿದ್ದವು. ಬಂಡಿಯ ಆ ಕಂಪನಿ ಮುಂದೆ ಇತರ ಕಂಪನಿಗಳೊಂದಿಗೆ ಕೂಡುತ್ತ ಕೂಡುತ್ತ ಹೋಗಿ, ಹಾಗೆ ಕೂಡಿದ್ದೆಲ್ಲ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತೆಂದರೆ, ಇಂದಿನ ಗಣಕಯಂತ್ರಗಳ ವಂಶಾವಳಿಯಲ್ಲಿ ಹಾಜರಿ ಗಡಿಯಾರವೂ ಒಬ್ಬ ಮುತ್ತಜ್ಜನೆನ್ನಬೇಕು. ಕೀಲಿಕೈಯ ದೋಷ ಒಂದೇ, ಅದನ್ನು ಗೆಳೆಯನ ಕೈಯಲ್ಲಿ ಕೊಟ್ಟು ಮನೆಯಲ್ಲಿ ಮಲಗಬಹುದು. ಬೆರಳನ್ನು ಹಾಗೆ ಕೊಟ್ಟು ಕಳಿಸಲಾಗದು.

ಬೆರಳಿನ ಗುರುತಿನ ಕಥೆಯಾದರೋ ನಮ್ಮ ದೇಶದಲ್ಲಿಯೇ ಮೊಳೆತದ್ದು. 1858ರಲ್ಲಿ ಬಂಗಾಳದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸಲು ಒಪ್ಪಿಕೊಂಡ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರ ನಾಳೆ ‘ಈ ಸಹಿ ನನ್ನದಲ್ಲ’ ಎಂದಾನೆಂಬ ಅನುಮಾನದಿಂದ, ಅವನ ಇಡೀ ಅಂಗೈಗೆ ಮಸಿ ಬಳಿದು ಕರಾರುಪತ್ರದ ಬೆನ್ನಿಗೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಆರಂಭವಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು, ಸಾವಿರಾರು ಅಚ್ಚುಗಳ ನಡುವೆ ಬೇಕಾದುದನ್ನು ಬೇಗ ಹುಡುಕಿ ತೆಗೆಯುವ ವರ್ಗೀಕರಣಕ್ಕಾಗಿ ದುಡಿದರು. ಹೀಗೆ ಗುತ್ತಿಗೆದಾರನೊಬ್ಬನ ಮೇಲೆ ಹುಟ್ಟಿದ ಅಪನಂಬಿಕೆ ನಮ್ಮ ಓಣಿಗೆ ಬಂದು ಮುಟ್ಟುವಾಗ, ಎದುರಿಗೆ ನಿಂತವರು ಅಡಿಕೆ ಆರಿಸುವ ಹೆಂಗಸರಾಗಿದ್ದರು.

ಹಳೆಯ ಪುಸ್ತಕದಲ್ಲಿ ಇವರ ಹೆಸರಿರಲಿಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯನ್ನು ಬೇರ್ಪಡಿಸಿ ಕೂರುವ ಈ 14 ಮಂದಿಯ ಹಾಜರಿಯನ್ನು ಗೋದಾಮಿನ ಮೇಸ್ತ್ರಿ ಸಂಜೆ ನೆನಪಿನಿಂದ ಗುರುತು ಹಾಕಿಕೊಳ್ಳುತ್ತಿದ್ದ. ತಾವು ಬಂದುದನ್ನು ತಾವೇ ತಿಳಿಸುವ ಅವಕಾಶ ಇದೇ ಮೊದಲು. ಹಾಗಾಗಿ ಒಳ್ಳೆಯ ಸೀರೆಯುಟ್ಟು, ಸಾಬೂನಿನಿಂದ ಕೈ ತೊಳೆದು ಸಾಲಾಗಿ ನಿಂತಿದ್ದರು. ಅದಕ್ಕೂ ಮೊದಲು ಕಚೇರಿಯವರ ಬೆರಳುಗಳು ಮುಗಿದಿದ್ದವು. ನನ್ನ ಬೆರಳನ್ನಂತೂ ಯಂತ್ರ ಮುಟ್ಟುವ ಮೊದಲೇ ಬರಮಾಡಿಕೊಂಡಿತೆನ್ನಬೇಕು. ಮೂರು ಸಲ ಇಡಿಸಿದರು, ಮೂರು ಸಲವೂ ಹಸಿರು ದೀಪ, “ಥ್ಯಾಂಕ್ ಯೂ” ಎಂಬ ಹೆಣ್ಣುದನಿ. “ಸರ, ನಿಮ್ಮ ಬಟ್ಟು ಭಾಳ ಕ್ಲೀನ್ ಐತ್ರಿ” ಎಂದು ಹುಡುಗ ಹೊಗಳಿದ. ಲೆಡ್ಜರಿನ ಹಾಳೆ ತಿರುವುವುದಕ್ಕಿಂತ ಭಾರದ ಕೆಲಸವನ್ನು ಆ ಬೆರಳಿಗೆ ನಾನು ಎಂದೂ ಹೇಳಿಲ್ಲವೆಂಬುದನ್ನು ಅವನಿಗೆ ತಿಳಿಸಲಿಲ್ಲ.

ಹೆಂಗಸರ ಸಾಲಿನ ಮೊದಲಿಗೆ ನಿಂತವರು ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯರು. ಬಲಗೈ ತೋರುಬೆರಳನ್ನಿಟ್ಟರು: ಕೆಂಪು ದೀಪ, “ಪ್ಲೀಸ್ ಟ್ರೈ ಎಗೇನ್”. ಹೆಬ್ಬೆರಳು: ಕೆಂಪು. ನಡುಬೆರಳು: ಕೆಂಪು. “ಅಕ್ಕಾರ, ಗಟ್ಟಿ ಒತ್ತಬ್ಯಾಡ್ರಿ, ಸುಮ್ನ ಇಡ್ರಿ” ಎಂದ ಹುಡುಗ. ಗಟ್ಟಿಯಾಗಿ ಒತ್ತಿದರೆ ಗೆರೆಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ನೋಡುವುದು ಆ ಗೆರೆಗಳು ಎಲ್ಲಿ ತುದಿಮುಟ್ಟುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಮಾತ್ರ. ಬೆರಳಿನ ಚಿತ್ರವನ್ನಲ್ಲ, ಈ ತುದಿ ಮತ್ತು ಕವಲುಗಳ ಸ್ಥಾನವನ್ನು ಅಂಕಿಗಳಾಗಿಸಿ ಇಟ್ಟುಕೊಳ್ಳುತ್ತದೆ. ಅಕ್ಕನ ಬೆರಳನ್ನು ನಾನು ಹತ್ತಿರದಿಂದ ಆಗಲೇ ನೋಡಿದ್ದು. ಹಗಲು ನಮ್ಮಲ್ಲಿ ಅಡಿಕೆ ಆರಿಸಿ, ಕೊಯ್ಲಿನ ದಿನಗಳಲ್ಲಿ ರಾತ್ರಿ ತೋಟದವರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದ ಬೆರಳು ಅದು. ತುದಿಯ ತುಂಬ ಕತ್ತಿ ತಾಗಿದ ಅಡ್ಡಗೀರುಗಳು, ಅವುಗಳೊಳಗೆ ಯಾವ ಸಾಬೂನಿಗೂ ಬಿಡದ ಅಡಿಕೆ ಚೊಗರಿನ ಕಪ್ಪು, ಹುಟ್ಟಿನಿಂದ ಬಂದ ಸುಳಿಗಳು ಇರಬೇಕಾದಲ್ಲಿ ಉಜ್ಜಿ ಉಜ್ಜಿ ನುಣ್ಣಗಾದ ಹೊಳಪು. ತುದಿಯೂ ಇಲ್ಲ, ಕವಲೂ ಇಲ್ಲ.

“ತಮಾ, ನಾ ಬಂದದ್ದು ಅದಕ್ಕೆ ಕಾಣ್ತಿಲ್ವಾ?” ಎಂದು ಅಕ್ಕ ಹುಡುಗನನ್ನು ಕೇಳಿದರು. ರೇಷನ್ ಅಂಗಡಿಯಲ್ಲಿಯೂ ತನ್ನ ಬೆರಳು ಹೀಗೆಯೇ ಎಂದೂ, ಅಲ್ಲಿ ಮಗ ಬಂದು ಬೆರಳಿಟ್ಟರೆ ಮಾತ್ರ ಅಕ್ಕಿ ಎಂದೂ ಹಿಂದೆ ನಿಂತವರಿಗೆ ತಿಳಿಸಿದರು. ಹುಡುಗ ಛಲಬಿಡದೆ ಒಂಬತ್ತು ಬೆರಳು ಮುಗಿಸಿದ. ಹತ್ತನೆಯದು ಎಡಗೈಯ ಕಿರುಬೆರಳು. ಅದು ಅಡಿಕೆ ಹಿಡಿಯುವಾಗಲೂ ಹೊರಗೇ ನಿಲ್ಲುವ ಸೋಮಾರಿ. ಅದರ ಮೇಲೆ ಮಾತ್ರ ಗೆರೆಗಳು ಮಗುವಿನ ಬೆರಳಿನಂತೆ ಉಳಿದಿದ್ದವು. ಹಸಿರು ದೀಪ ಹತ್ತಿತು. ಉಳಿದ ಹದಿಮೂವರಲ್ಲಿ ಏಳು ಮಂದಿಯದು ಕಿರುಬೆರಳೇ ಆಯಿತು. ಕಿರುಬೆರಳೆತ್ತಿದರೆ ಮಾಸ್ತರರು ತರಗತಿಯಿಂದ ಹೊರಗೆ ಬಿಡುತ್ತಿದ್ದ ಶಾಲೆಯಲ್ಲಿ ಕಲಿತವನು ನಾನು. ಅದೇ ಬೆರಳು ತೋರಿಸಿ ಒಳಗೆ ಬರುವವರನ್ನು ಕಂಡದ್ದು ಇಲ್ಲಿಯೇ. ಆದರೂ ಎಲ್ಲರ ಬಾಯಲ್ಲಿ ಈ ಕ್ರಿಯೆಗೆ ‘ಥಂಬ್ ಕೊಡುವುದು’ ಎಂದೇ ಹೆಸರು.

ಕಚೇರಿಯವರ ಗರ್ವಕ್ಕೆ ಮಾಗಿಯ ಚಳಿ ಬಂದಾಗ ಪೆಟ್ಟು ಬಿತ್ತು. ಒಣಹವೆಗೆ ಬೆರಳ ತುದಿ ಬಿರಿದು ನಮ್ಮ ಅಚ್ಚುಗಳನ್ನೂ ಯಂತ್ರ ತಳ್ಳಿಹಾಕತೊಡಗಿತು. ಫೋನಿನಲ್ಲಿ ಹುಡುಗ ಹೇಳಿಕೊಟ್ಟ ಉಪಾಯ ಸರಳವಾಗಿತ್ತು: ಬೆರಳನ್ನು ಒಮ್ಮೆ ಹಣೆಗೆ ಉಜ್ಜಿಕೊಳ್ಳಬೇಕು, ಅಲ್ಲಿಯ ಜಿಡ್ಡು ತಾಗಿದರೆ ಗೆರೆ ಎದ್ದು ಕಾಣುತ್ತದೆ. ಅಂದಿನಿಂದ ಬೆಳಿಗ್ಗೆ ಒಂಬತ್ತೂವರೆಗೆ ಓಣಿಗೆ ಬಂದವರಿಗೆ, ವಿದ್ಯಾವಂತರಾದ ಗಂಡಸರು ಹೆಂಗಸರು ಗೋಡೆಯೆದುರು ಸಾಲಾಗಿ ನಿಂತು ತಮ್ಮ ಹಣೆಬರಹವನ್ನು ಒರೆಸಿಕೊಳ್ಳುತ್ತಿರುವ ನೋಟ ಕಾಣಸಿಗುತ್ತದೆ. ಹಣೆಯ ಬರಹವನ್ನು ಮಗು ಹುಟ್ಟಿದ ಆರನೆಯ ರಾತ್ರಿ ಬರೆಯುತ್ತಾರೆಂದು ನಮ್ಮಲ್ಲಿ ನಂಬುಗೆ. ಬೆರಳಿನ ಬರಹವಾದರೆ ತಾಯಿಯ ಹೊಟ್ಟೆಯಲ್ಲಿರುವಾಗಲೇ, ಸುಮಾರು ಆರನೆಯ ತಿಂಗಳಿನಷ್ಟು ಹೊತ್ತಿಗೆ, ಬರೆದು ಮುಗಿದಿರುತ್ತದೆ. ಎರಡನ್ನೂ ತಿಕ್ಕಿ ನೋಡುವ ಭಾಗ್ಯ ನಮಗೆ ಬಂತು.

ಮಳೆಗಾಲದ ಕಷ್ಟ ಇದರ ತಿರುಗುಮುರುಗು. ಒದ್ದೆ ಬೆರಳು ಗಾಜಿನ ಮೇಲೆ ಬರಿಯ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಯಂತ್ರದ ಪಕ್ಕ ಒಂದು ಮೊಳೆ ಹೊಡೆದು ಟವೆಲ್ ತೂಗುಹಾಕಿದೆವು, ಆಷಾಢದಲ್ಲಿ ಆ ಟವೆಲೇ ಒಣಗುವುದಿಲ್ಲವೆಂಬುದು ಎರಡೇ ದಿನಕ್ಕೆ ತಿಳಿಯಿತು. ಕುಮಟೆಯಿಂದ ದಿನವೂ ಸುಮಾರು 60 ಕಿಲೋಮೀಟರ್ ಬಂದುಹೋಗುವ ನಮ್ಮ ಸಹೋದ್ಯೋಗಿಗೆ, ದೇವಿಮನೆ ಘಟ್ಟದಲ್ಲಿ ಮರವೋ ಮಣ್ಣೋ ರಸ್ತೆಗೆ ಬಿದ್ದ ದಿನ ಯಂತ್ರ ಕೊಡುವ ಹತ್ತು ನಿಮಿಷದ ವಿನಾಯಿತಿ ಯಾವ ಮೂಲೆಗೂ ಸಾಲದು. ಹಿಂದೆ ಅವರು ಬಸ್ಸಿಳಿದು ಬಂದು “ಘಟ್ಟದಲ್ಲಿ ಸಿಕ್ಕಿಬಿದ್ದೆ ಮಾರಾಯ್ರೇ” ಎಂದರೆ ಪುಸ್ತಕ ಕೇಳಿಸಿಕೊಳ್ಳುತ್ತಿತ್ತು. ಪುಸ್ತಕದ ಪರವಾಗಿ ಕೇಳಿಸಿಕೊಳ್ಳುತ್ತಿದ್ದವನು ನಾನು.

ಜುಲೈಯ ಒಂದು ರಾತ್ರಿ ಸಿಡಿಲು ಬಡಿದು ಎರಡು ದಿನ ಕರೆಂಟಿರಲಿಲ್ಲ, ಬ್ಯಾಟರಿಯೂ ಬರಿದಾಯಿತು. ಮೂರನೆಯ ಬೆಳಿಗ್ಗೆ ಯಂತ್ರ ಕಣ್ಣುಬಿಟ್ಟಾಗ ಅದರ ಪ್ರಕಾರ ದಿನಾಂಕ 1-1-2000. ಯಾರೂ ಗಮನಿಸದೆ ನಾಲ್ಕು ದಿನ ಥಂಬ್ ಕೊಟ್ಟೆವು. ತಿಂಗಳ ಕೊನೆಗೆ ಪೆನ್ ಡ್ರೈವಿನಲ್ಲಿ ಇಳಿಸಿಕೊಂಡ ವರದಿಯಲ್ಲಿ, ಆಗಿನ್ನೂ ಅಂಗನವಾಡಿಗೂ ಸೇರಿರದ ನಮ್ಮ ಗಣಕ ವಿಭಾಗದ ಹುಡುಗಿ 2000ದ ಜನವರಿಯಲ್ಲಿ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಹಾಜರಿದ್ದಳು. ಈ ವರ್ಷದ ಜುಲೈಯಲ್ಲಿ ಮಾತ್ರ ನಾವೆಲ್ಲರೂ ಗೈರು. ಸಂಬಳದ ಪಟ್ಟಿ ಮಾಡಲು ನಾನು ಕಪಾಟಿನಿಂದ ಹಳೆಯ ಪುಸ್ತಕವನ್ನೇ ಹೊರತೆಗೆದೆ. ಈಗ ಅದು ಯಂತ್ರದ ಕೆಳಗೆ ಒಂದು ಸ್ಟೂಲಿನ ಮೇಲೆ ಕಾಯಂ ಕುಳಿತಿದೆ, ದಾರ ಮಾತ್ರ ಹೊಸದು, ಮೊದಲಿಗಿಂತ ಉದ್ದ.

ಅದೇ ವರದಿಯನ್ನು ಓದಿದ ಹೊಸ ನಿರ್ದೇಶಕರು ಸಭೆಯಲ್ಲಿ ಕೇಳಿದ್ದು ಬೇರೆಯೇ ಪ್ರಶ್ನೆ. “ಈ ಒಂದನೇ ನಂಬರು ಯಾರದು? ಕೆಲಸದ ದಿನ ಒಂದೂ ತಪ್ಪಿಸಿಲ್ಲ. ದಿನಕ್ಕೆ ಎರಡು ಸಲ, ಹನ್ನೊಂದಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ.” ಹೋಟೆಲಿನವನು ಆಗ ಬಾಗಿಲಲ್ಲಿ ಲೋಟಗಳ ಸ್ಟ್ಯಾಂಡ್ ಹಿಡಿದು ನಿಂತಿದ್ದ. ಸಭೆ ಮುಗಿದ ಮೇಲೆ ಓಣಿಯಲ್ಲಿ ಅವನನ್ನು ತಡೆದು, ನಿನಗೆ ಸಂಬಂಧವಿಲ್ಲದ ಯಂತ್ರಕ್ಕೆ ದಿನವೂ ಎಂತಕ್ಕೆ ಬೆರಳು ಕೊಡುತ್ತೀಯೆಂದು ಕೇಳಿದೆ. ಅವನು ಸ್ಟ್ಯಾಂಡನ್ನು ಎಡಗೈಗೆ ಬದಲಿಸಿಕೊಂಡು, ಕೈಯನ್ನು ಅಂಗಿಗೆ ಒರೆಸಿ, ಗಾಜಿನ ಮೇಲೆ ಬೆರಳಿಟ್ಟ. ಹಸಿರು ದೀಪ ಹತ್ತಿತು, ಹೆಣ್ಣುದನಿ ತನ್ನ ಮಾತು ಹೇಳಿತು.

“ಇಷ್ಟು ವರ್ಷ ಚಾ ಕೊಟ್ಟೆ ಸರ್, ಈ ಆಫೀಸಲ್ಲಿ ಥ್ಯಾಂಕ್ಸ್ ಹೇಳೂದು ಇದೊಂದೇ” ಎಂದು ಹೇಳಿ ಲೋಟ ತೊಳೆಯಲು ಹೋದ.