ಬೋರ್ಡು ಕೊಟ್ಟು ಕಳಿಸ್ತಾರೆ, ಆಮೇಲೆ ಮರೆತೇಬಿಡ್ತಾರೆ

ಬೆಳಗ್ಗೆ ಎದ್ದು ಫೋನ್ ನೋಡಿದರೆ ಅಕ್ಕನ ಮಗ ಮನೆ ಗ್ರೂಪಿಗೆ ಒಂದು ರೀಲ್ ಹಾಕಿದ್ದ. ಢಂ ಢಂ ಅಂತ ಸಂಗೀತ, ಅಲೆ, ಹಡಗು, ದಪ್ಪ ದನಿಯ ಒಬ್ಬ ಮಹಾನುಭಾವ: 'ಒಬ್ಬನೇ ಒಬ್ಬ! ಒಂದು ಗುಂಡೂ ಹಾರಿಸಲಿಲ್ಲ! ಬರೀ ತಾಳ್ಮೆಯಿಂದ ಜಪಾನಿನ ಬಾಗಿಲು ತೆರೆಸಿದ!' ಟೌನ್‌ಸೆಂಡ್ ಹ್ಯಾರಿಸ್ ಕಥೆ. ಕೆಳಗೆ ಹುಡುಗ ಬರೆದಿದ್ದ, 'ನಮ್ಮ ಮ್ಯಾನೇಜರ್ ಕಳಿಸಿದ್ರು ಮಾಮ, ಸಖತ್ತಾಗಿದೆ.'

ಕಾಫಿ ಗಂಟಲಲ್ಲಿ ಇಳಿಯಲಿಲ್ಲ ನನಗೆ.

ನಿಮಗೆಲ್ಲ ಗೊತ್ತಲ್ಲ, ರಿಟೈರ್ ಆದಮೇಲೆ ಹಳೇ ದಿನಚರಿಗಳನ್ನು ಓದೋದು ನನ್ನ ಚಟ. ಹ್ಯಾರಿಸ್ ಡೈರಿ ಎರಡು ಸಲ ಓದಿದ್ದೇನೆ. ಅದರಲ್ಲಿರೋದು ತಾಳ್ಮೆಯ ಪಾಠ ಅಲ್ಲ. ಕಳಿಸಿದವರು ಕೈಬಿಟ್ಟ ಒಬ್ಬ ಮನುಷ್ಯನ ಗೋಳು.

ಐವತ್ತು ದಾಟಿದ ಬ್ರಹ್ಮಚಾರಿ, ನ್ಯೂಯಾರ್ಕಿನಲ್ಲಿ ಪಿಂಗಾಣಿ ವ್ಯಾಪಾರ ಮಾಡಿದ್ದವನು. 1856ರ ಆಗಸ್ಟ್ 21ಕ್ಕೆ ಸ್ಯಾನ್ ಜಸಿಂಟೊ ಅನ್ನೋ ಯುದ್ಧನೌಕೆಯಲ್ಲಿ ಶಿಮೋಡಾ ಬಂದರಿಗೆ ಬಂದ. ಜಪಾನಿಗೆ ಅಮೆರಿಕದ ಮೊದಲ ಕಾನ್ಸುಲ್, ಅಂದರೆ ಪರದೇಶದಲ್ಲಿ ಕೂತು ತನ್ನ ದೇಶದ ಜನರನ್ನು, ವ್ಯಾಪಾರವನ್ನು ನೋಡಿಕೊಳ್ಳೋ ಸರ್ಕಾರಿ ಪ್ರತಿನಿಧಿ. ಬಂದರೆ ಅಲ್ಲಿನ ಅಧಿಕಾರಿಗಳು, 'ನಿಮ್ಮನ್ನು ಕರೆದವರು ಯಾರು?' ಅಂದರು. ಅಮೆರಿಕ, ಜಪಾನ್ ಎರಡು ವರ್ಷದ ಹಿಂದೆ ಮಾಡಿಕೊಂಡ ಒಪ್ಪಂದದ ಇಂಗ್ಲಿಷ್ ಪ್ರತಿಯಲ್ಲಿ, ಎರಡರಲ್ಲಿ ಒಂದು ಸರ್ಕಾರ ಬೇಕು ಅಂದರೂ ಕಾನ್ಸುಲ್ ಬರಬಹುದು ಅಂತಿದೆ. ಜಪಾನಿ ಪ್ರತಿಯಲ್ಲಿ ಎರಡೂ ಸರ್ಕಾರ ಒಪ್ಪಿದರೆ ಮಾತ್ರ ಅಂತಿದೆ! ಒಪ್ಪಂದ ಬರೆದವರು ಹಾಯಾಗಿ ಮನೆ ಸೇರಿದ್ದರು. ಬಾಯಿಗೆ ಸಿಕ್ಕಿದವನು ಇವನು. ಭೂಕಂಪವಾಗಿ ಊರು ಹಾಳಾಗಿದೆ, ಒಂದು ವರ್ಷ ಬಿಟ್ಟು ಬನ್ನಿ ಅಂತಲೂ ಅಂದರು. ಸುಳ್ಳೇನಲ್ಲ, 1854ರ ಡಿಸೆಂಬರಿನಲ್ಲಿ ಸುನಾಮಿ ಬಂದು ಶಿಮೋಡಾ ಕೊಚ್ಚಿಹೋಗಿತ್ತು. ನನಗೆ ಆ ಅಧಿಕಾರಿಗಳ ಮೇಲೆ ಕೋಪವೇ ಬರಲ್ಲ. ಅವರೂ ಎಡೋದಲ್ಲಿದ್ದ (ಈಗಿನ ಟೋಕಿಯೊ) ಮೇಲಿನವರಿಗೆ ಹೆದರಿಕೊಂಡು ಕಾಲ ತಳ್ಳುತ್ತಿದ್ದವರು.

ಕೊನೆಗೆ ಪಕ್ಕದ ಹಳ್ಳಿಯಲ್ಲಿ ಗ್ಯೊಕುಸೆಂಜಿ ಅನ್ನೋ ದೇವಸ್ಥಾನ ಕೊಟ್ಟರು. ಅದೇ ಆಫೀಸು, ಅದೇ ಮನೆ. ಸೆಪ್ಟೆಂಬರ್ 4ಕ್ಕೆ ಧ್ವಜ ಏರಿಸಬೇಕು. ಮೊದಲ ರಾತ್ರಿ ಸೊಳ್ಳೆಕಾಟಕ್ಕೆ ನಿದ್ದೆ ಇಲ್ಲ, ದೈತ್ಯ ಸೊಳ್ಳೆಗಳು ಅಂತ ಬರೆದುಕೊಂಡಿದ್ದಾನೆ. ಹಡಗಿನ ಆಳುಗಳು ಕಂಬ ಎತ್ತಿದರೆ ಅದು ಧೊಪ್ಪನೆ ಬಿತ್ತು, ಅಡ್ಡಪಟ್ಟಿ ಮುರಿಯಿತು. ಪುಣ್ಯಕ್ಕೆ ಯಾರ ತಲೆಯ ಮೇಲೂ ಬೀಳಲಿಲ್ಲ. ಇನ್ನಷ್ಟು ಜನ ಬಂದು ನಿಲ್ಲಿಸಿದರು. ಮಧ್ಯಾಹ್ನ ಎರಡೂವರೆಗೆ ಬಾವುಟ ಏರಿತು. ಸಂಜೆ ಐದಕ್ಕೆ ಹಡಗು ಹೊರಟೇಹೋಯಿತು. ಆರು ತಿಂಗಳಲ್ಲಿ ಬರ್ತೀನಿ ಅಂದಿದ್ದ ನೌಕಾಪಡೆಯ ಕಮೊಡೋರ್.

ಬರಲಿಲ್ಲ. ಮುಂದಿನ ಅಮೆರಿಕನ್ ಯುದ್ಧನೌಕೆ ಆ ಬಂದರಿಗೆ ಬಂದದ್ದು 1857ರ ಸೆಪ್ಟೆಂಬರಿನಲ್ಲಿ. ಒಂದು ವರ್ಷದ ಮೇಲೆ!

ಅಷ್ಟರಲ್ಲಿ ಹಿಟ್ಟು, ಬೆಣ್ಣೆ, ಬ್ರೆಡ್ ಎಲ್ಲಾ ಮುಗಿದಿತ್ತು. ಅನ್ನ, ಮೀನು, ಬಡಕಲು ಕೋಳಿ. ವಾಷಿಂಗ್ಟನ್ನಿನಿಂದ ಒಂದು ಕಾಗದ ಇಲ್ಲ. ಜಪಾನಿನವರು ಡಾಲರನ್ನು ಅದರ ಬೆಳ್ಳಿಯ ತೂಕದ ಮೂರನೇ ಒಂದು ಭಾಗಕ್ಕೆ ಲೆಕ್ಕ ಹಾಕುತ್ತಿದ್ದರಿಂದ ಕೊಂಡದ್ದಕ್ಕೆಲ್ಲ ಮೂರು ಪಟ್ಟು ದುಡ್ಡು. ಕಾವಲಿನ ಹೆಸರಲ್ಲಿ ಬಾಗಿಲಲ್ಲೇ ಕೂತವರು ಬೇರೆ. ಹೊಟ್ಟೆನೋವು, ಊಟ ಸೇರದು. ತಾನು ಎಷ್ಟು ಸೊರಗಿದ್ದೇನೆ ಅಂದರೆ ತನ್ನೊಳಗಿಂದ ಒಬ್ಬ ವೈಸ್ ಕಾನ್ಸುಲನನ್ನೇ ಕತ್ತರಿಸಿ ತೆಗೆದ ಹಾಗಿದೆ ಅಂತ ಬರೆದ. ಅದನ್ನು ಓದಿ ಜೋರಾಗಿ ನಕ್ಕೆ. ಆಮೇಲೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಯಾಕೆ ಅಂತ ಹೇಳ್ತೀನಿ. ನನಗೂ ಒಂದು ಕಾಲದಲ್ಲಿ ಬ್ಯಾಂಕಿನವರು ಈಶಾನ್ಯದ ಒಂದು ಊರಿಗೆ ಹೊಸ ಬ್ರಾಂಚ್ ತೆರೆಯೋಕೆ ಕಳಿಸಿದ್ದರು. 'ಕಟ್ಟಡ ರೆಡಿ ಇದೆ' ಅಂದಿತ್ತು ಆರ್ಡರು. ಹೋಗಿ ನೋಡಿದರೆ ಗೋಡೆ ಇದೆ, ಸೂರಿಲ್ಲ. ನನಗಿಂತ ಮುಂಚೆ ಬಂದಿದ್ದು ಬ್ಯಾಂಕಿನ ಬೋರ್ಡು ಮಾತ್ರ, ಗೋಣಿಯಲ್ಲಿ ಸುತ್ತಿ ಮೂಲೆಗೆ ಒರಗಿಸಿದ್ದರು. ಎರಡನೇ ತಿಂಗಳು ಹೆಡ್ ಆಫೀಸಿನಿಂದ ಮೊದಲ ಕಾಗದ ಬಂತು. ಏನು ಅಂತೀರಿ? ಮಾಸಿಕ ಸ್ಟೇಟ್‌ಮೆಂಟ್ ಕಳಿಸಿಲ್ಲ, ಕಾರಣ ತಿಳಿಸಿ! ಸ್ಟೇಟ್‌ಮೆಂಟ್ ಬರೆಯೋ ಫಾರಂ ಕಳಿಸಿರಲಿಲ್ಲ ಪುಣ್ಯಾತ್ಮರು. ಆ ರಾತ್ರಿ ನಾನು ಅತ್ತಿದ್ದೆ. ಇದನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿಲ್ಲ. ಹೋಗಲಿ ಬಿಡಿ.

ಭಾಷೆ ವಿಷಯಕ್ಕೆ ಬಂದರೆ ನನಗೆ ಹಿಂದಿ ಬರುವ ಚಹಾದವನೊಬ್ಬನಿದ್ದ. ಹ್ಯಾರಿಸ್‌ಗೆ ಹ್ಯೂಸ್ಕೆನ್ ಅನ್ನೋ ಡಚ್ ಹುಡುಗ. ಇವನು ಇಂಗ್ಲಿಷಲ್ಲಿ ಹೇಳಬೇಕು, ಹುಡುಗ ಡಚ್ಚಿಗೆ ತರಬೇಕು, ಜಪಾನಿನ ದುಭಾಷಿಗಳು ಅದನ್ನು ಜಪಾನಿಗೆ ತಿರುಗಿಸಬೇಕು. ಅವರ ಡಚ್ಚೋ, ತಲೆಮಾರುಗಳ ಹಿಂದೆ ವ್ಯಾಪಾರಿಗಳಿಂದ ಕಲಿತದ್ದು. ಸಾಲದ್ದಕ್ಕೆ, ಜಪಾನಿಯಲ್ಲಿ ಪದಗಳು ಯಾವ ಸಾಲಲ್ಲಿವೆಯೋ ಡಚ್ಚಿನಲ್ಲೂ ಅದೇ ಸಾಲಲ್ಲಿ ಇರಬೇಕು ಅಂತ ಹಟ! ನಮ್ಮ ಬ್ಯಾಂಕ್ ಫಾರಂಗಳ ಕನ್ನಡ ಓದಿದವರಿಗೆ ಫಲಿತಾಂಶ ಹೇಗಿರುತ್ತೆ ಅಂತ ವಿವರಿಸಬೇಕಿಲ್ಲ.

ಈಗ ಯಾರಾದರೂ ಬಂದೇ ಬರ್ತೀರಿ, 'ಸಾರ್, ಅದು ಹಡಗಿನ ಕಾಲ, ಕಾಗದ ತಿಂಗಳುಗಟ್ಟಲೆ ಹಿಡೀತಿತ್ತು' ಅಂತ. ಸ್ವಾಮಿ, ಅಲ್ಲಿಂದ ಹಾಂಗ್‌ಕಾಂಗ್ ಒಂಬತ್ತು ದಿನದ ದಾರಿ. ಆ ಲೆಕ್ಕ ಹಾಕಿದವನು ನಾನಲ್ಲ, ಹ್ಯಾರಿಸನೇ. ಹೋಗಲಿ, ಆ ಹುದ್ದೆಯನ್ನು ಅವನೇ ಕೇಳಿ ಪಡೆದದ್ದಲ್ಲವೇ? ಹೌದು. ಕೆಲಸ ಕೇಳಿದ್ದ, ಉಪವಾಸ ಕೇಳಿರಲಿಲ್ಲ.

ಅವನೊಬ್ಬನದೇ ಹಣೆಬರಹವೂ ಅಲ್ಲ ಇದು. 1786ರಲ್ಲಿ ಸ್ಯಾಮ್ಯುಯೆಲ್ ಶಾನನ್ನು ಚೀನಾದ ಕ್ಯಾಂಟನ್ನಿಗೆ ಕಾನ್ಸುಲ್ ಮಾಡಿದಾಗ ಸಂಬಳವೂ ಇಲ್ಲ, ಫೀಸೂ ಇಲ್ಲ ಅಂತ ಮೊದಲೇ ಬರೆದು ಕೊಟ್ಟಿದ್ದರು. ಬರೀ ಬಿರುದು! ನಮ್ಮ ಕಲ್ಕತ್ತೆಗೇ ಬಂದ ಬೆಂಜಮಿನ್ ಜಾಯ್ ನೋಡಿ. 1792ರಲ್ಲಿ ಸಾಕ್ಷಾತ್ ವಾಷಿಂಗ್ಟನ್ ನೇಮಿಸಿದ್ದು. 1794ರಲ್ಲಿ ಬಂದಿಳಿದರೆ ಈಸ್ಟ್ ಇಂಡಿಯಾ ಕಂಪನಿಯವರು, ಕಾನ್ಸುಲ್ ಅಂತ ಒಪ್ಪಲ್ಲ, ವ್ಯಾಪಾರದ ಏಜೆಂಟಾಗಿ ಬೇಕಾದರೆ ಇರು, ನಮ್ಮ ಕೋರ್ಟಿಗೆ ತಲೆಬಾಗಿಕೊಂಡು ಇರು ಅಂದರು.

ಹಾಂ, ರೀಲ್‌ನಲ್ಲಿ 'ಒಂದು ಗುಂಡೂ ಹಾರಿಸಲಿಲ್ಲ' ಅಂದನಲ್ಲ, ಅದೂ ಅರ್ಧ ಸುಳ್ಳು. ಆ ಮೊದಲ ಒಪ್ಪಂದ ಮಾಡಿಸಿದ ಅಮೆರಿಕದ ನೌಕಾಧಿಕಾರಿ ಪೆರಿ ಆಗಲೇ ಫಿರಂಗಿ ಹಡಗುಗಳನ್ನು ತೋರಿಸಿ ಹೆದರಿಸಿ ಹೋಗಿದ್ದ. 1858ರ ಜುಲೈ 29ಕ್ಕೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದ್ದೂ ಇಂಗ್ಲಿಷರು, ಫ್ರೆಂಚರು ಚೀನಾದ ಯುದ್ಧ ಮುಗಿಸಿಕೊಂಡು ಜಪಾನಿಗೆ ಬರ್ತಾರೆ ಅನ್ನೋ ಭಯದಲ್ಲಿ. ಆ ಭಯವನ್ನು ಹ್ಯಾರಿಸ್ ಚೆನ್ನಾಗಿಯೇ ಬಳಸಿಕೊಂಡ. ಆದರೆ ಬಾವುಟ ಏರಿಸಿದ ದಿನವೇ, ಇದರಿಂದ ಜಪಾನಿಗೆ ನಿಜಕ್ಕೂ ಒಳ್ಳೆಯದಾಗುತ್ತಾ ಅಂತ ಡೈರಿಯಲ್ಲಿ ತನ್ನನ್ನೇ ಕೇಳಿಕೊಂಡಿದ್ದ. ಮ್ಯಾನೇಜರ್ ಸಾಹೇಬರ ರೀಲಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಹ್ಯೂಸ್ಕೆನ್‌ಗೂ ಇರಲಿಲ್ಲ. 1861ರ ಜನವರಿಯಲ್ಲಿ ಎಡೋದ ಬೀದಿಯಲ್ಲಿ ರಾತ್ರಿ ಕುದುರೆ ಮೇಲೆ ಮನೆಗೆ ವಾಪಸಾಗುವಾಗ ಆ ಹುಡುಗನನ್ನು ಕಡಿದು ಕೊಂದರು. ಇನ್ನೂ ಮೂವತ್ತು ತುಂಬಿರಲಿಲ್ಲ.

ಒಂದು ಹೇಳೋದು ಮರೆತೆ. ಅಕ್ಕನ ಮಗನನ್ನು ಅವನ ಕಂಪನಿ ಆಫ್ರಿಕಾದಲ್ಲಿ ಹೊಸ ಆಫೀಸು ತೆರೆಯೋಕೆ ಒಬ್ಬನನ್ನೇ ಕಳಿಸುತ್ತಿದೆ. ಮ್ಯಾನೇಜರ್ ರೀಲ್ ಕಳಿಸಿದ್ದು ಅದಕ್ಕೇ.

ಗ್ರೂಪಿನಲ್ಲೇ ಕೇಳಿದೆ: 'ರಿಟರ್ನ್ ಟಿಕೆಟ್ ಮಾಡಿಸಿದಾರೇನೋ?'

ಬ್ಲೂ ಟಿಕ್ ಬಂದಿದೆ. ಉತ್ತರ ಬಂದಿಲ್ಲ.