ಬೀದಿಯ ಹುಡುಗರಿಗೆ ದಾನದ ದುಡ್ಡಿನಲ್ಲಿ ಕಸುಬು: ತರಬೇತಿ ಕೇಂದ್ರ ಬೇಕೇ?

ಪರ

ದಾವಣಗೆರೆ ರೈಲು ನಿಲ್ದಾಣದ ಆಸುಪಾಸಿನಲ್ಲಿ ಚಿಂದಿ ಆಯುವ ಹುಡುಗನನ್ನು ಏನೂ ಬಾರದವನು ಎಂದುಕೊಳ್ಳುವುದೇ ಮೊದಲ ತಪ್ಪು. ನಾಲ್ಕು ವರ್ಷ ಗುಜರಿ ಅಂಗಡಿಗೆ ಮಾಲು ಹಾಕಿದವನ ಕೈಗೆ ಒಂದು ತುಂಡು ಲೋಹ ಕೊಟ್ಟು ನೋಡಿ. ಅಂಗೈಯಲ್ಲಿ ತೂಗಿ, ಕಲ್ಲಿಗೊಮ್ಮೆ ಬಡಿದು ಸದ್ದು ಕೇಳಿ, ಹಿತ್ತಾಳೆಯೋ ತಾಮ್ರವೋ ಅಲ್ಯೂಮಿನಿಯಮೋ ಎಂದು ಹೇಳುತ್ತಾನೆ. ಲೋಹದ ಗುರುತು ಅವನಿಗೆ ಬೀದಿಯೇ ಕಲಿಸಿದೆ. ಕಲಿಸಬೇಕಿರುವುದು ಅದನ್ನು ಅಳೆಯುವುದು, ಕೊಯ್ಯುವುದು, ಕೂಡಿಸುವುದು.

ಐಟಿಐ ಇದೆಯಲ್ಲ ಎನ್ನುತ್ತಾರೆ. ಅಲ್ಲಿ ಹೆಚ್ಚಿನ ಟ್ರೇಡ್‌ಗಳಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕು, ವೆಲ್ಡರ್‌ಗೂ ಎಂಟನೇ ತರಗತಿ ಮುಗಿದಿರಬೇಕು. ಐದಕ್ಕೇ ಶಾಲೆ ಬಿಟ್ಟವನಿಗೆ ಆ ಬಾಗಿಲು ತೆರೆಯುವುದಿಲ್ಲ. ಬಾಲಮಂದಿರದಲ್ಲಿ ಬೆಳೆದವನು 18 ತುಂಬಿದ ಮೇಲೆ ಹೊರಗೆ ಬರಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೆ ನೆರವು ಕೊಡಲು ಅವಕಾಶವಿದೆ, ನಿಜ. ಆದರೆ ಆ ಮೂರು ವರ್ಷ ಕೈಗೆ ಕಸುಬು ಹತ್ತದಿದ್ದರೆ ನೆರವು ನಿಂತ ಮರುದಿನ ಅವನು ಮತ್ತೆ ಪ್ಲಾಟ್‌ಫಾರ್ಮಿಗೇ ಬರುತ್ತಾನೆ. ದಾನಿಗಳ ಹಣ ಬೀಳಬೇಕಾದದ್ದು ಈ ಸಂದಿಯಲ್ಲಿ.

ವೆಲ್ಡಿಂಗ್ ಕಸುಬನ್ನು ಕಲಿಸುವುದು ಹೇಗೆಂದು ನೋಡಲು ಒಂದು ಕಿಟಕಿ ಗ್ರಿಲ್ ತೆಗೆದುಕೊಳ್ಳೋಣ. ಅಗಲ 4 ಅಡಿ, ಎತ್ತರ 3 ಅಡಿ, 4 ಇಂಚಿಗೊಂದು ಸರಳು. ಹುಡುಗನಿಗೆ ಮೊದಲು ಕಲಿಸುವುದು ಟೇಪು: ಅಡಿಗೆ 12 ಇಂಚು, ಇಂಚಿಗೆ 8 ನೂಲು. 48 ಇಂಚನ್ನು ನಾಲ್ಕರಿಂದ ಭಾಗಿಸಿದರೆ 12. ಎಲ್ಲರೂ 12 ಸರಳು ಕೊಯ್ಯುವುದು ಇಲ್ಲೇ. ಹನ್ನೆರಡು ಸಂದಿಗೆ ಬೇಕಿರುವುದು 11 ಸರಳು, ಎರಡು ಕಡೆ ಚೌಕಟ್ಟೇ ಇದೆ. ಈ ಒಂದು ತಪ್ಪನ್ನು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದು ತೋರಿಸಿದರೆ, ಶಾಲೆಯಲ್ಲಿ ಹತ್ತದ ಲೆಕ್ಕ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತದೆ. 20 ಅಡಿಯ ಒಂದು ಲೆಂಗ್ತಿನಲ್ಲಿ 3 ಅಡಿಯ ಆರು ತುಂಡು, ಎರಡು ಲೆಂಗ್ತು ಸಾಕು, ಒಂದು ತುಂಡು ಉಳಿಯುತ್ತದೆ. ಉಳಿದದ್ದನ್ನು ಗುಜರಿಗೆ ಹಾಕದೆ ಮುಂದಿನ ಕೆಲಸಕ್ಕೆ ಎತ್ತಿಡುವುದೂ ಪಾಠವೇ.

ಆಮೇಲೆ ಚೌಕಟ್ಟು. 16 ಗೇಜಿನ ತೆಳು ಪೈಪಿಗೆ 2.5 ಮಿಲಿಮೀಟರ್ ಬೆಸುಗೆ ರಾಡ್, 70 ಆಂಪಿಯರ್ ಸುತ್ತಮುತ್ತ. ದಪ್ಪ ರಾಡ್ ಹಿಡಿದು 120ಕ್ಕೆ ಏರಿಸಿದರೆ ಪೈಪು ತೂತು ಬೀಳುತ್ತದೆ. ಮಳೆಗಾಲದಲ್ಲಿ ರಾಡ್ ತೇವ ಹೀರಿದ್ದರೆ ಬೆಸುಗೆಯಲ್ಲಿ ಗುಳ್ಳೆ, ಮೇಲೆ ನೋಡಿದರೆ ಚೆನ್ನಾಗಿದ್ದು ಒಳಗೆ ಟೊಳ್ಳು. ನಾಲ್ಕು ಮೂಲೆಗೂ ಮೊದಲು ಚುಕ್ಕಿ ಬೆಸುಗೆ ಮಾತ್ರ ಹಾಕಬೇಕು, ಒಂದು ಮೂಲೆಯನ್ನು ಪೂರ್ತಿ ತುಂಬಿಬಿಟ್ಟರೆ ಅದು ಆರುತ್ತಾ ಚೌಕಟ್ಟನ್ನೇ ಎಳೆಯುತ್ತದೆ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಕಡೆ 5 ಅಡಿ ಬರಬೇಕು. ಒಂದು ಕಡೆ ಎರಡು ನೂಲು ಹೆಚ್ಚಾದರೂ ಸುತ್ತಿಗೆಯಿಂದ ತಟ್ಟಿ ಸರಿ ಮಾಡಿ, ಮತ್ತೆ ಅಳೆದು, ಆಮೇಲೆ ತುಂಬಬೇಕು.

ಇದನ್ನೆಲ್ಲ ವೆಲ್ಡಿಂಗ್ ಶಾಪಿನಲ್ಲೇ ಕಲಿಯಲಿ, ಕೇಂದ್ರ ಯಾಕೆ ಎನ್ನುವವರು ಶಾಪಿನ ಮೊದಲ ವರ್ಷವನ್ನು ನೋಡಿಲ್ಲ. ಚಹಾ ತರುವುದು, ಕಬ್ಬಿಣ ಹೊರುವುದು, ಬೆಸುಗೆ ಹಾಕುವಾಗ ಸರಳು ಹಿಡಿದು ನಿಲ್ಲುವುದು. ಕೈಗೆ ರಾಡ್ ಸಿಕ್ಕಿಸುವ ಹೋಲ್ಡರ್ ಸಿಗುವುದಿಲ್ಲ, ಮುಖಕ್ಕೆ ಮಾಸ್ಕೂ ಸಿಗುವುದಿಲ್ಲ. ಬೆಸುಗೆಯ ಬೆಳಕು ಕಣ್ಣಿಗೆ ಬಡಿದದ್ದು ಆಗಲೇ ಗೊತ್ತಾಗದು. ಆರೇಳು ಗಂಟೆ ಕಳೆದು ರಾತ್ರಿ ಮಲಗಿದ ಮೇಲೆ ಕಣ್ಣಲ್ಲಿ ಮರಳು ಸುರಿದಂತಾಗುತ್ತದೆ. ಕೇಂದ್ರದಲ್ಲಿ ಪ್ರತಿಯೊಬ್ಬನಿಗೂ 11ನೇ ನಂಬರಿನ ಕಪ್ಪು ಗಾಜಿನ ಮಾಸ್ಕು, ಚರ್ಮದ ಗ್ಲೌಸು ಇರಬೇಕು. ದಿನಕ್ಕೆ ಹದಿನೈದಿಪ್ಪತ್ತು ರಾಡ್ ಸುಟ್ಟು ಹಾಳು ಮಾಡುವ ಸ್ವಾತಂತ್ರ್ಯವೂ ಇರಬೇಕು. ಆ ಹಾಳನ್ನು ಯಾವ ಶಾಪಿನ ಮಾಲೀಕನೂ ಭರಿಸುವುದಿಲ್ಲ. ದಾನ ಬೇಕಿರುವುದೇ ಅದಕ್ಕೆ.

ಇನ್ನೊಂದು ವಿಷಯ. ಬೀದಿಯಲ್ಲಿ ಸಂಜೆ ಗುಜರಿ ತೂಗಿದ ಕೂಡಲೇ ಕಾಸು ಕೈಗೆ ಬರುತ್ತದೆ. ತಿಂಗಳ ಕೊನೆಗೆ ಭತ್ಯೆ ಎಂದರೆ ಹುಡುಗ ನಾಲ್ಕನೇ ದಿನ ಬರುವುದಿಲ್ಲ, ಅದನ್ನು ಸೋಮಾರಿತನ ಎಂದು ಬರೆದುಕೊಳ್ಳುತ್ತಾರೆ. ಮೊದಲ ಹದಿನೈದು ದಿನ ಸಂಜೆ ಸಂಜೆಗೇ ಕೊಡಿ. ಆಮೇಲೆ ವಾರದ ಬಟವಾಡೆ. ಮೂರನೇ ತಿಂಗಳಿಂದ ಬ್ಯಾಂಕ್ ಖಾತೆಗೆ. ಮುಗಿಸಿ ಹೋಗುವಾಗ ಸರ್ಟಿಫಿಕೇಟಿನ ಜೊತೆ ಒಂದು ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಸೆಟ್ಟು, 4 ಇಂಚಿನ ಗ್ರೈಂಡರ್, ಮೂಲೆಮಟ್ಟ, ಟೇಪು ಕೊಟ್ಟು ಕಳಿಸಿ. ಸೆಟ್ಟು ಹತ್ತು ಸಾವಿರದೊಳಗೇ ಬರುತ್ತದೆ. ಊರಲ್ಲಿ ಮನೆ ಕಟ್ಟುವುದು ನಿಂತಿಲ್ಲ, ಗೇಟು ಗ್ರಿಲ್ಲಿನ ಕೆಲಸವೂ ನಿಂತಿಲ್ಲ.

ವಿರೋಧ

ಕಸುಬು ಬೇಡ ಎಂದು ನಾನು ಹೇಳುವುದಿಲ್ಲ, ಹೇಳಲಾರೆ. ಕೇಂದ್ರ ಕಟ್ಟುವುದಕ್ಕೆ ನನ್ನ ವಿರೋಧ. ನಾಲ್ಕು ರಾಡ್ ಸುಟ್ಟ ಕೂಡಲೇ ಬದುಕು ನೆಟ್ಟಗಾಗುತ್ತದೆ ಎಂಬಂತೆ ಮಾತಾಡುವವರು ಹುಡುಗನ ಹಗಲನ್ನಷ್ಟೇ ನೋಡುತ್ತಾರೆ.

ಕೇಂದ್ರಗಳಲ್ಲಿ ಹೆಚ್ಚು ಕಲಿಸುವುದು ಬೈಕ್ ರಿಪೇರಿ. ದಾನವಾಗಿ ಬಂದ ಹಳೇ ಗಾಡಿ ನಿಲ್ಲಿಸಿ, ಪೆಟ್ರೋಲು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸ್ಕ್ರೂ ತಿರುಗಿಸಿ ಸೆಟ್ಟಿಂಗ್ ಮಾಡುವುದು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಹೊಸ ಪೆಟ್ರೋಲ್ ಗಾಡಿಯೆಲ್ಲ ಬಿಎಸ್ 6, ಅಂದರೆ ಹೊಗೆ ಮಿತಿಯ ಹೊಸ ನಿಯಮದವು. ಬೈಕುಗಳಲ್ಲಿ ಬಹುಪಾಲು ಕಾರ್ಬ್ಯುರೇಟರ್ ಬದಲು ಫ್ಯುಯಲ್ ಇಂಜೆಕ್ಷನ್‌ನವು, ತಿರುಗಿಸಲು ಆ ಸ್ಕ್ರೂ ಇಲ್ಲ. ಬ್ಯಾಟರಿ ಸೋತರೆ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಏಳುವುದಿಲ್ಲ. ಕಲಿತ ಹುಡುಗ ಪ್ಲಗ್ಗು ಬಿಚ್ಚುತ್ತಾ ಕೂರುತ್ತಾನೆ. ಸರ್ವಿಸ್ ಮಾಡುವಾಗ ಪ್ರೆಶರ್ ನೀರು ಸೆನ್ಸರಿನ ಕನೆಕ್ಟರಿಗೆ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಬೈಗುಳ ಹುಡುಗನಿಗೆ. ದೋಷ ಓದುವ ಸ್ಕ್ಯಾನರ್ ಇರುವುದು ಚಾಲ್ತಿಯಲ್ಲಿರುವ ಗ್ಯಾರೇಜಿನಲ್ಲಿ, ಒಮ್ಮೆ ಕಟ್ಟಿ ಮುಗಿಸಿದ ಕೇಂದ್ರದಲ್ಲಲ್ಲ.

ವೆಲ್ಡಿಂಗ್ ಆದರೂ ಸರಿಯೇ? ಗ್ರಿಲ್ಲಿನ ಕೊನೆಯ ಕೆಲಸ ಬಣ್ಣ. ಬೀದಿಯಲ್ಲಿ ಪಂಕ್ಚರ್ ಸಲ್ಯೂಷನ್ ಬಟ್ಟೆಗೆ ಸುರಿದು ಮೂಸುತ್ತಿದ್ದ ಹುಡುಗನ ಕೈಗೆ ಬಣ್ಣ ತೆಳುವಾಗಿಸುವ ಥಿನ್ನರ್ ಡಬ್ಬಿ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರೆ. ಎರಡರಲ್ಲೂ ತಲೆಗೇರುವುದು ಅದೇ ಜಾತಿಯ ದ್ರಾವಕ. ಚಟ ಬಿಟ್ಟು ತಿಂಗಳಾಗಿರುವುದಿಲ್ಲ, ಕೈ ನಡುಗುವುದು ನಿಂತಿರುವುದಿಲ್ಲ. ಆ ಕೈಗೆ ಗ್ರೈಂಡರ್ ಕೊಟ್ಟರೆ ಬೆರಳು ಉಳಿಯುವುದು ಕಷ್ಟ. ಮೊದಲು ಆಗಬೇಕಾದದ್ದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಭೇಟಿ, ಎರಡು ಹೊತ್ತು ಊಟ, ಬೀಗ ಹಾಕಿಕೊಂಡು ಮಲಗಲು ಒಂದು ಕೋಣೆ. ಇದಕ್ಕೆ ದಾನ ಬರುವುದು ಕಷ್ಟ. ಯಂತ್ರಕ್ಕೆ ದಾನಿಯ ಹೆಸರು ಬರೆಸಬಹುದು, ಕೋಣೆ ಬಾಡಿಗೆಗೆ ಬರೆಸಲಾಗುವುದಿಲ್ಲ.

ತರಬೇತಿಯೇ ಬೇಕೆಂದರೆ ಚಿತ್ರದುರ್ಗದಲ್ಲಿ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಉದ್ಯೋಗ ತರಬೇತಿ ಕೊಡುವ ಸಂಸ್ಥೆಯ ಶಾಖೆ. 18 ತುಂಬಿದವರಿಗೆ ಊಟ ವಸತಿ ಸಮೇತ ಉಚಿತ. ಅಲ್ಲಿ ಅಡ್ಡ ಬರುವುದು ಆಧಾರ್, ವಿಳಾಸ, ಬ್ಯಾಂಕ್ ಪಾಸ್‌ಬುಕ್. ಹುಟ್ಟಿದ ತಾರೀಕೇ ಗೊತ್ತಿಲ್ಲದವನ ಹಿಂದೆ ಮುಂದೆ ಓಡಾಡಿ ಈ ಕಾಗದ ಮಾಡಿಸಿಕೊಡಲು ಒಬ್ಬ ಮನುಷ್ಯ ಬೇಕು, ಅವನಿಗೆ ತಿಂಗಳ ಸಂಬಳ ಬೇಕು. ಕಟ್ಟಡಕ್ಕೆ ಹಾಕುವ ಹಣದಲ್ಲಿ ಅಂಥ ಇಬ್ಬರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಕಲಿಸಲು ಒಪ್ಪುವ ಶಾಪಿನವರಿಗೆ ಆರು ತಿಂಗಳ ರಾಡು, ಬ್ಲೇಡು, ಮಾಸ್ಕಿನ ಖರ್ಚು ಕೊಡಬಹುದು. ಆ ಇಬ್ಬರು ವಾರಕ್ಕೊಮ್ಮೆ ಹೋಗಿ ಹುಡುಗನ ಕೈಗೆ ಹೋಲ್ಡರ್ ಸಿಕ್ಕಿದೆಯೋ ಇಲ್ಲವೋ ನೋಡಿ ಬರಲಿ. ಸಿಗದಿದ್ದರೆ ಶಾಪು ಬದಲಾಯಿಸಲಿ.