ಬೆಂಕಿಕಡ್ಡಿಯ ತಲೆ ಮುಳುಗದ ಟೈರು

ಕಾರಿಗೆ ಹೊಸ ಟೈರ್ ಹಾಕಿಸಿದ ಫೋಟೊ ಹಾಕಿದ್ದೇ ತಡ, ಮೂವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಎಷ್ಟಾಯಿತು ಮಾರಾಯ?" ನಾಲ್ಕಕ್ಕೆ ಅರವತ್ತು ಸಾವಿರ ದಾಟಿತು ಎಂದೆ. ಮೂವರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಎರಡನೆಯ ಪ್ರಶ್ನೆ: "ಎಷ್ಟು ಓಡುತ್ತದಂತೆ?" ನನಗೆ ಸಿಟ್ಟು ಬಂದದ್ದು ಈ ಎರಡನೆಯ ಪ್ರಶ್ನೆಗೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಜೂನ್ ಎರಡನೇ ವಾರ, ಮಳೆ ಹಿಡಿದು ಐದಾರು ದಿನವಾಗಿತ್ತು. ಅಪ್ಪಯ್ಯ, ಆಯಿ, ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆ. ಹಿಂದೆ ಎರಡು ಚೀಲ ತೆಂಗಿನಕಾಯಿ. ದೇವಿಮನೆ ಘಟ್ಟದ ಗುಡಿಗೆ ಕೈ ಮುಗಿದು ಇಳಿಯತೊಡಗಿದ ಮೇಲೆ ಒಂದು ಎಡ ತಿರುವಿನಲ್ಲಿ ಮುಂದಿದ್ದ ಖಾಲಿ ಮೀನಿನ ಗಾಡಿ ಗಕ್ಕನೆ ನಿಂತಿತು. ಮರದ ಟೊಂಗೆಯೊಂದು ರಸ್ತೆಗೆ ಬಿದ್ದಿತ್ತು. ನನ್ನ ವೇಗ ನಲವತ್ತೂ ಇರಲಿಲ್ಲ. ಬ್ರೇಕ್ ಒತ್ತಿದೆ. ಪೆಡಲು ಕಾಲಡಿಯಲ್ಲಿ ಗುರುಗುರು ಎಂದಿತು, ಆದರೆ ಕಾರು ನಿಲ್ಲಲಿಲ್ಲ. ಒದ್ದೆ ದರಕಿನ, ಅಂದರೆ ಉದುರಿದ ಎಲೆಗಳ ಮೇಲೆ ಅಡಿಕೆ ಹಾಳೆಯಲ್ಲಿ ಕುಳಿತ ಮಗುವಿನಂತೆ ಜಾರುತ್ತ ಹೋಯಿತು. ಕೊನೆಗೆ ನಿಂತಾಗ ಗಾಜು ಮುಚ್ಚಿದ್ದರೂ ಒಳಗೆ ಮೀನಿನ ವಾಸನೆ ತುಂಬಿಕೊಳ್ಳುವಷ್ಟು ಹತ್ತಿರದಲ್ಲಿದ್ದೆವು. ಜನ್ಮದಲ್ಲಿ ಮೀನು ಮುಟ್ಟದ ಅಪ್ಪಯ್ಯ ಮೂಗಿಗೆ ಪಂಚೆಯ ಅಂಚು ಹಿಡಿದು ಹೇಳಿದ್ದು ಒಂದೇ ಮಾತು: "ತಮ್ಮಾ, ಬ್ರೇಕ್ ಸರಿ ಮಾಡಿಸು."

ಬ್ರೇಕ್ ಸರಿಯಾಗಿಯೇ ಇತ್ತು. ಹಾಗೆ ಗುರುಗುಟ್ಟಿದ್ದೇ ಎಬಿಎಸ್. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ, ಟೈರಿನಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು? ಕುಮಟಾ ಮುಟ್ಟಿ ಚಹಾದ ಅಂಗಡಿಯ ಮುಂದೆ ನಿಲ್ಲಿಸಿ, ಒಂದು ಬೆಂಕಿಕಡ್ಡಿ ಇಸಿದುಕೊಂಡು ಮುಂದಿನ ಟೈರಿನ ಗೀರಿಗೆ ತಲೆಕೆಳಗಾಗಿ ಇಳಿಸಿದೆ. ಮದ್ದಿನ ತಲೆಯೇ ಪೂರ್ತಿ ಮುಳುಗಲಿಲ್ಲ, ಕೆಂಪು ಅಂಚು ಮೇಲೆ ಇಣುಕುತ್ತಿತ್ತು. ಹೊಸ ಟೈರಿನ ಗೀರು ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ರಬ್ಬರು ಆ ದಿಬ್ಬಕ್ಕೆ ಸಮವಾಯಿತೆಂದರೆ ಟೈರಿನ ಆಯುಷ್ಯ ಮುಗಿಯಿತು. ನನ್ನದು ಇನ್ನೂ ಒಂದು ಕೂದಲೆಳೆ ಮೇಲಿತ್ತು. ಕಾನೂನಿನ ಲೆಕ್ಕದಲ್ಲಿ ನಾನು ಸರಿ, ದೇವಿಮನೆಯ ಲೆಕ್ಕದಲ್ಲಿ ತಪ್ಪು. ಘಟ್ಟದ ಮಳೆಯಲ್ಲಿ ಓಡಾಡುವವರು ಮೂರು ಮಿಲಿಮೀಟರಿಗೇ ಟೈರ್ ಬದಲಿಸಬೇಕು ಎಂಬುದು ಈಗ ನನ್ನ ಹಟ.

ನನ್ನದು ಏಳು ಸೀಟಿನ ಡೀಸೆಲ್ ಕಾರು. ಖಾಲಿ ತೂಕವೇ ಎರಡು ಟನ್ನಿನ ಹತ್ತಿರ, ಜನ, ಸಾಮಾನು ಸೇರಿದರೆ ಎರಡೂವರೆ ದಾಟುತ್ತದೆ. 450 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಇದೆ ಎಂದು ಕೊಳ್ಳುವಾಗ ನಾನೂ ಎದೆಯುಬ್ಬಿಸಿದವನೇ. ಘಟ್ಟ ಹತ್ತುವಾಗ ಅದು ಸುಖ, ಲಾರಿ ಸಾಲನ್ನು ಒಂದೇ ಉಸಿರಿಗೆ ದಾಟಿಸುತ್ತದೆ. ಆದರೆ ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಹತ್ತಿದ್ದನ್ನೆಲ್ಲ ಇಳಿಯಲೇಬೇಕು, ಇಳಿಯುವಾಗ ಆ ಟಾರ್ಕ್ ಯಾವ ಉಪಕಾರಕ್ಕೂ ಬರುವುದಿಲ್ಲ. ಅಲ್ಲಿ ಎರಡೂವರೆ ಟನ್ನನ್ನು ಹಿಡಿದು ನಿಲ್ಲಿಸುವುದು ನಾಲ್ಕು ಅಂಗೈಯಗಲದ ರಬ್ಬರು. ಟೈರ್ ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ.

ಇಲ್ಲೊಬ್ಬ ವಿಜ್ಞಾನದ ಮೇಷ್ಟರು ಸಿಕ್ಕಿದಾಗಲೆಲ್ಲ ಕೊಕ್ಕೆ ಹಾಕುತ್ತಾರೆ. ತೂಕ ಹೆಚ್ಚಿದಂತೆ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕಲ್ಲ, ಹಾಗಾದರೆ ಸಣ್ಣ ಕಾರಾದರೇನು ದೊಡ್ಡ ಕಾರಾದರೇನು, ನಿಲ್ಲುವ ದೂರ ಒಂದೇ ಅಲ್ಲವೇ ಎಂದು. ಹೈಸ್ಕೂಲು ಪುಸ್ತಕದ ಮರದ ದಿಮ್ಮಿಗೆ ಅದು ಸರಿ. ರಬ್ಬರು ದಿಮ್ಮಿಯಲ್ಲ. ಮೇಲಿನ ಭಾರ ಏರಿದ ಹಾಗೆಲ್ಲ ರಬ್ಬರಿನ ಹಿಡಿತವೂ ಏರುತ್ತದೆ ನಿಜ, ಆದರೆ ಅಷ್ಟೇ ಪಾಲಿನಲ್ಲಿ ಏರುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಅದೂ ಅಲ್ಲದೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಿನ ಎರಡು ಟೈರುಗಳ ಮೇಲೆ ಬಂದು ಕೂರುತ್ತದೆ. ತಿರುವಿನಲ್ಲಿ ಅದೂ ಒಂದೇ ಬದಿಗೆ ವಾಲುತ್ತದೆ. ಇನ್ನು ಎಲ್ಲಕ್ಕಿಂತ ದೊಡ್ಡ ಕಾರಣ ನಾವೇ. ಬಲವಾದ ಕಾರಿನೊಳಗೆ ಸದ್ದಿಲ್ಲ, ಕುಲುಕಿಲ್ಲ. ಅರವತ್ತು ಎಂದು ನಾವು ಅಂದುಕೊಂಡಾಗ ಮುಳ್ಳು ಎಂಬತ್ತೈದರ ಮೇಲಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಕ್ರಮಿಸುವ ದೂರ ನಾಲ್ಕು ಪಟ್ಟು. ಮೇಷ್ಟರು ಇದನ್ನು ಒಪ್ಪಿದರು, ಆದರೆ ತಾವು ನಲವತ್ತು ದಾಟುವುದಿಲ್ಲ ಎಂದರು. ಅವರದು ಸ್ಕೂಟರ್.

ಟೈರಿನ ಮಗ್ಗುಲಲ್ಲಿ ಬರೆದಿರುವುದನ್ನು ಪಂಚಾಂಗದಂತೆ ಓದಲು ಕಲಿಯಬೇಕು. ನನ್ನದರಲ್ಲಿ 235/60 ಆರ್18 ಎಂದಿದೆ. ಅಗಲ 235 ಮಿಲಿಮೀಟರ್, ರಿಮ್ಮಿನ ಅಂಚಿನಿಂದ ಹೊರಗಿನ ರಬ್ಬರಿನ ಪಕ್ಕೆಯ ಎತ್ತರ ಅದರ ಶೇ 60, ಅಂದರೆ 141 ಮಿಲಿಮೀಟರ್, ರಿಮ್ಮಿನ ವ್ಯಾಸ 18 ಇಂಚು. ಅದರ ಪಕ್ಕದಲ್ಲೇ ಒಂದು ಸಂಖ್ಯೆ ಮತ್ತು ಒಂದು ಅಕ್ಷರ ಇರುತ್ತವೆ, ಅವುಗಳನ್ನು ಯಾರೂ ನೋಡುವುದಿಲ್ಲ. 103 ಎಂದಿದ್ದರೆ ಒಂದು ಟೈರ್ 875 ಕಿಲೋ ಹೊರುತ್ತದೆ, 107 ಎಂದಿದ್ದರೆ 975 ಕಿಲೋ. ಅಕ್ಷರ ವೇಗದ್ದು. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್, ವಿ ಅಂದರೆ 240. ನಮ್ಮ ರಸ್ತೆಯಲ್ಲಿ 210 ಯಾಕೆ ಬೇಕು ಎಂದು ನಗಬೇಡಿ. ಆ ಅಕ್ಷರ ಟೈರ್ ಎಷ್ಟು ಬಿಸಿಯನ್ನು ತಾಳುತ್ತದೆ ಎಂಬುದಕ್ಕೂ ಸಾಕ್ಷಿ. ಭಾರದ ಕಾರಿಗೆ ಕಂಪನಿ ಹೇಳಿದ ಸಂಖ್ಯೆಗಿಂತ ಕಡಿಮೆಯದನ್ನು, ಅಳತೆ ಒಂದೇ ಇದೆಯಲ್ಲ ಎಂದು ಹಾಕಿಸಿಕೊಂಡರೆ ಹಣ ಉಳಿಯುತ್ತದೆ, ಅಷ್ಟೇ. ಹಾಗೆಯೇ ಈ ಹೊರುವ ಶಕ್ತಿ ಗಾಳಿಯ ಒತ್ತಡ ಸರಿಯಿದ್ದರೆ ಮಾತ್ರ.

ಅಂಗಡಿಗೆ ಹೋಗುವ ಮೊದಲೇ ಸಲಹೆಗಾರರು ಮನೆಗೆ ಬಂದರು. ಅಕ್ಕನ ಮಗ ಬೆಂಗಳೂರಿನಲ್ಲಿ ಓದುತ್ತಾನೆ, ಅವನಿಗೆ 19 ಇಂಚಿನ ರಿಮ್ ಬೇಕು. "ಮಾವ, ಕಾರಿನ ಖದರೇ ಬದಲಾಗುತ್ತದೆ" ಎಂದ. ಹೊರವ್ಯಾಸ ಹಾಗೇ ಇಟ್ಟುಕೊಂಡು ರಿಮ್ ದೊಡ್ಡದು ಮಾಡಿದರೆ ರಬ್ಬರಿನ ಪಕ್ಕೆ ಗಿಡ್ಡವಾಗಬೇಕು. 235/55 ಆರ್19 ಹಾಕಿದರೆ 141 ಮಿಲಿಮೀಟರ್ ಇದ್ದ ಪಕ್ಕೆ 129ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಹೊಂಡದ ಆಳ ನೋಡಿ ಗೊತ್ತಾಗುವುದಿಲ್ಲ. ಅದಕ್ಕೆ ಇಳಿದಾಗ ಏಟು ನುಂಗಬೇಕಾದದ್ದು ಆ ಪಕ್ಕೆಯೇ. ನನ್ನನ್ನು ಕೇಳಿದರೆ ನಮಗೆ ಬೇಕಾದದ್ದು 17 ಇಂಚು. 235/65 ಆರ್17ರ ಹೊರವ್ಯಾಸಕ್ಕೂ ನನ್ನ ಟೈರಿನದಕ್ಕೂ ಎರಡೇ ಮಿಲಿಮೀಟರ್ ವ್ಯತ್ಯಾಸ, ಆದರೆ ಪಕ್ಕೆ ಸುಮಾರು 153 ಮಿಲಿಮೀಟರ್. ರಿಮ್ಮನ್ನೂ ಬದಲಿಸುವ ಖರ್ಚು ಕಂಡು ಕೈಬಿಟ್ಟೆ. ಅಗಲದ ಟೈರ್ ಹಾಕು, ಹಿಡಿತ ಜಾಸ್ತಿ ಎಂದವರೂ ಇದ್ದಾರೆ. ಒಣ ರಸ್ತೆಯಲ್ಲಿ ಒಪ್ಪೋಣ. ನಿಂತ ನೀರಿನಲ್ಲಿ ಅಗಲವಾದಷ್ಟೂ ಟೈರ್ ಹೊರಗೆ ತಳ್ಳಬೇಕಾದ ನೀರೂ ಹೆಚ್ಚು. ದೋಣಿ ಅಗಲವಾದರೆ ಚೆನ್ನಾಗಿ ತೇಲುತ್ತದೆ, ಕಾರಿಗೆ ಆ ಗುಣ ಬೇಡ.

ಇನ್ನು ಎಟಿ ಟೈರ್, ಅಂದರೆ ಆಲ್ ಟೆರೇನ್, ಎಲ್ಲ ಬಗೆಯ ನೆಲಕ್ಕೂ ಎಂದು ಮಾಡಿದ್ದು. ದಪ್ಪ ದಪ್ಪ ಗಡ್ಡೆಗಳು, ಕಾಡುಕೋಣದ ಗೊರಸಿನ ಹಾಗೆ. ಈ ವಿಷಯದಲ್ಲಿ ನಾನೂ ಒದ್ದಾಡಿದೆ, ಯಾಕೆಂದರೆ ನಮ್ಮ ಮನೆಗೆ ಹೋಗುವ ಕೊನೆಯ ಅರ್ಧ ಕಿಲೋಮೀಟರ್ ಚಿರೆಕಲ್ಲಿನ ಮಣ್ಣು ರಸ್ತೆ. ಜುಲೈನಲ್ಲಿ ಅದು ಬೆಣ್ಣೆ. ಎಟಿ ಇದ್ದರೆ ಆ ಅರ್ಧ ಕಿಲೋಮೀಟರ್ ಸಲೀಸು. ಉಳಿದ ಅರವತ್ತು ಕಿಲೋಮೀಟರ್ ಒದ್ದೆ ಡಾಂಬರು ಮತ್ತು ಕಾಂಕ್ರೀಟು. ಅಲ್ಲಿ ಆ ಗಡ್ಡೆಗಳು ಸಾಮಾನ್ಯವಾಗಿ ಹೈವೇ ಟೈರಿನಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಸದ್ದು ಬೇರೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಕೊನೆಗೆ ಲೆಕ್ಕ ಹೀಗೆ ಹಾಕಿದೆ: ಮನೆಯ ಹತ್ತಿರ ಕೆಸರಿನಲ್ಲಿ ಹೂತರೆ ಪಕ್ಕದ ಮನೆಯವರ ಟ್ರ್ಯಾಕ್ಟರ್ ಇದೆ. ದೇವಿಮನೆಯಲ್ಲಿ ಜಾರಿದರೆ ಯಾರಿದ್ದಾರೆ? ಹೈವೇ ಟೈರನ್ನೇ ಹಾಕಿಸಿದೆ.

ಬಾಳಿಕೆಯ ಪ್ರಶ್ನೆಗೆ ಈಗ ಬರುತ್ತೇನೆ. ನಮ್ಮ ಕಡೆ ಟೈರನ್ನು ಅಳೆಯುವುದು ಕಿಲೋಮೀಟರಿನಲ್ಲಿ. ಅದು ಲಾರಿಯವರಿಂದ ಬಂದ ಅಭ್ಯಾಸ, ಅವರಿಗೆ ಅದು ಹೊಟ್ಟೆಪಾಡು, ತಪ್ಪಲ್ಲ. ಅಪ್ಪಯ್ಯನ ತಲೆಮಾರಿಗೆ ಟೈರ್ ಅಂದರೆ ಎಂಆರ್‌ಎಫ್. 1946ರಲ್ಲಿ ಮದರಾಸಿನಲ್ಲಿ ಆಟದ ಬಲೂನು ಮಾಡುತ್ತ ಶುರುವಾದ ಕಂಪನಿ ಅದು ಎಂದರೆ ಈಗಲೂ ನಂಬುವುದಿಲ್ಲ. ಆದರೆ ಗಟ್ಟಿ ರಬ್ಬರು ನಿಧಾನ ಸವೆಯುತ್ತದೆ, ಮೆತ್ತನೆಯದು ರಸ್ತೆಗೆ ಚೆನ್ನಾಗಿ ಅಂಟುತ್ತದೆ. ಡೀಸೆಲ್ಲಿನ ಮೈಲೇಜು, ಬಾಳಿಕೆ, ಒದ್ದೆಯ ಹಿಡಿತ ಈ ಮೂರೂ ಒಂದೇ ಹಗ್ಗವನ್ನು ಮೂರು ದಿಕ್ಕಿಗೆ ಎಳೆಯುತ್ತವೆ. 1990ರ ದಶಕದಿಂದೀಚೆಗೆ ರಬ್ಬರಿಗೆ ಸಿಲಿಕಾ ಎಂಬ ಮರಳಿನ ಜಾತಿಯ ಪುಡಿ ಬೆರೆಸುವುದು ರೂಢಿಯಾದ ಮೇಲೆ ಎಳೆದಾಟ ಸ್ವಲ್ಪ ಸಡಿಲವಾಗಿದೆ, ನಿಂತಿಲ್ಲ. ಯುರೋಪಿನ ಲೇಬಲ್ ಇರುವ ಟೈರಾದರೆ ಒದ್ದೆ ರಸ್ತೆಯ ಹಿಡಿತಕ್ಕೆ ಎ ಯಿಂದ ಇ ವರೆಗೆ ಶ್ರೇಣಿ ಕೊಟ್ಟಿರುತ್ತಾರೆ. ನಾನು ಬೆಲೆಗಿಂತ ಮೊದಲು ಕೇಳಿದ್ದು ಅದನ್ನು. ಬೀದರಿನಲ್ಲಿದ್ದಿದ್ದರೆ ಬಹುಶಃ ಬಾಳಿಕೆಯನ್ನೇ ಕೇಳುತ್ತಿದ್ದೆ.

ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ಶಿರಸಿಗಿಂತ ಒಂದು ಟೈರಿಗೆ ಸಾವಿರದೈನೂರು ಕಡಿಮೆ. ಖುಷಿಯಿಂದ ಹೋದೆ. ಚಹಾ ಕೊಟ್ಟರು, ಎಸಿ ಕೋಣೆಯಲ್ಲಿ ಕೂರಿಸಿದರು. ಮೊದಲ ಟೈರನ್ನು ರಿಮ್ಮಿಗೆ ಏರಿಸುತ್ತಿದ್ದಾಗ ಎದ್ದು ಹೋಗಿ ತಯಾರಿಕೆಯ ದಿನಾಂಕ ಹುಡುಕಿದೆ. ಅದು ಮಗ್ಗುಲಲ್ಲಿ ನಾಲ್ಕಂಕಿಯಲ್ಲಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ಒತ್ತಿರುತ್ತಾರೆ. ಹುಡುಗ ಆ ಮಗ್ಗುಲನ್ನು ಒಳಮುಖವಾಗಿ ಇಟ್ಟಿದ್ದ. ಬಗ್ಗಿ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ 1422. ಅಂದರೆ 2022ರ ಹದಿನಾಲ್ಕನೇ ವಾರ. ಮೂರು ವರ್ಷ ಗೋದಾಮಿನಲ್ಲಿ ಮಲಗಿದ್ದ ಟೈರು ಹೊಸದರ ಹೆಸರಿನಲ್ಲಿ! ಕೇಳಿದರೆ "ರಬ್ಬರು ಹಳೆಯದಾದಷ್ಟೂ ಗಟ್ಟಿ ಸರ್" ಎಂದರು. ನಿಜವೇ, ಅದೇ ತೊಂದರೆ. ಚಹಾದ ಋಣ ಬಾಕಿ ಇಟ್ಟು ಎದ್ದು ಬಂದೆ.

ಕಾರವಾರದ ಭಾವನದು ಇದರ ಇನ್ನೊಂದು ಮುಖ. ದೊಡ್ಡ ಕಾರು, ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಟೈರ್ ಏಳು ವರ್ಷದ್ದು. ಕಡ್ಡಿ ಇಳಿಸಿದರೆ ಐದು ಮಿಲಿಮೀಟರ್ ಗೀರು ಇದೆ, ಅವನ ವಾದವೂ ಅದೇ. ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದೆ. ಬೇಸಿಗೆಯ ಗದ್ದೆಯಂತೆ ಸಣ್ಣ ಸಣ್ಣ ಬಿರುಕು. ಬಿಸಿಲು, ಗಾಳಿ, ವಯಸ್ಸು ರಬ್ಬರನ್ನು ಒಣಗಿಸಿಬಿಡುತ್ತವೆ, ಓಡಿಸಿದರೂ ಓಡಿಸದಿದ್ದರೂ. "ಮುಂದಿನ ವರ್ಷ ನೋಡೋಣ ಭಾವ" ಎಂದ. ಅವನ ಮುಂದಿನ ವರ್ಷ ಮೂರು ವರ್ಷದಿಂದ ಬರುತ್ತಿದೆ.

ಎರಡೇ ಟೈರ್ ಬದಲಿಸುವವರಿಗೆ ಒಂದು ಮಾತು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಮುಂದಿನವೇ ಬೇಗ ಸವೆಯುತ್ತವೆ, ಅಂಗಡಿಯವರು ಹೊಸದನ್ನೂ ಅಲ್ಲಿಗೇ ಹಾಕುತ್ತಾರೆ. ಹೊಸದು ಹಿಂದಕ್ಕೆ ಹೋಗಬೇಕು, ಹಿಂದಿನವು ಮುಂದಕ್ಕೆ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಿನ ಸಲ ಹಿಡಿತ ಮರಳುತ್ತದೆ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಬುಗುರಿ. ಅದನ್ನು ಹಿಡಿದು ತರುವ ಕೈ ನಿಮ್ಮಲ್ಲೂ ಇಲ್ಲ, ನನ್ನಲ್ಲೂ ಇಲ್ಲ. ನಾಲ್ಕೂ ಚಕ್ರ ಎಳೆಯುವ ಕಾರಾದರೆ ಈ ಚರ್ಚೆಯೇ ಬೇಡ, ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಗಾಳಿಯ ಬಗ್ಗೆ. ನೈಟ್ರೋಜನ್ ಬೇಕೇ ಎಂದು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ, ಉಳಿದ ದುಡ್ಡಿಗೆ ಮಿಸಳ್ ತಿನ್ನಿ. ಒತ್ತಡ ಎಷ್ಟಿದೆ ಎಂಬುದು ಮಾತ್ರ ದೊಡ್ಡ ಮಾತು. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ, ನಿಂತ ನೀರಿನ ಮೇಲೆ ಟೈರ್ ಯಾವ ವೇಗಕ್ಕೆ ತೇಲತೊಡಗುತ್ತದೆ ಎಂಬುದಕ್ಕೆ ಒಂದು ಸೂತ್ರ ಕೊಟ್ಟರು. ಆ ಪ್ರಕಾರ ಟೈರಿನ ಗಾಳಿಯ ಒತ್ತಡ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 95 ಕಿಲೋಮೀಟರ್, 25ಕ್ಕೆ ಇಳಿದರೆ ಸುಮಾರು 83. ಕಾರಿನ ಟೈರಿಗೆ ಇದು ಅಂದಾಜು ಮಾತ್ರ, ಗೀರು ಸವೆದಿದ್ದರೆ ಇನ್ನೂ ಬೇಗ ತೇಲಬಹುದು. ಅಂಕೋಲಾದ ಆಚೆ ಚತುಷ್ಪಥದಲ್ಲಿ ಮಳೆಯ ದಿನ ಎಲ್ಲರೂ ಎಷ್ಟರಲ್ಲಿ ಹೋಗುತ್ತಾರೆ ಎಂದು ನಿಮಗೇ ಗೊತ್ತು. ಚಾಲಕನ ಬಾಗಿಲ ಬಳಿ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ತುಂಬಿದ ಕಾರಿಗೆ ಎಷ್ಟು ಗಾಳಿ ಎಂದು ಬೇರೆಯೇ ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ.

ಟೈರ್ ಕೊನೆಗೆ ಶಿರಸಿಯಲ್ಲೇ ಕೊಂಡೆ, ಎಂಟು ವಾರದ ಹಿಂದೆ ತಯಾರಾದದ್ದು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ. ಹಳೆಯ ನಾಲ್ಕಕ್ಕೆ ಅಂಗಡಿಯವರು ತಲಾ ಮುನ್ನೂರು ಕೊಡುತ್ತೇನೆ ಎಂದರು. ಅಪ್ಪಯ್ಯ ಒಪ್ಪಲಿಲ್ಲ, ಎರಡನ್ನು ಮನೆಗೆ ತರಿಸಿದರು. ಮಳೆನೀರು ನಿಂತು ಸೊಳ್ಳೆಯಾಗುತ್ತದೆ ಎಂದು ಆಯಿ ಕೂಗಾಡಿದ ಮೇಲೆ ಅವಕ್ಕೆ ಅಡಿಯಲ್ಲಿ ತೂತು ಕೊರೆದು, ಗೊಬ್ಬರದ ಮಣ್ಣು ತುಂಬಿ, ಒಂದರಲ್ಲಿ ಶುಂಠಿ, ಇನ್ನೊಂದರಲ್ಲಿ ಮಾವಿನಶುಂಠಿ ನೆಟ್ಟಿದ್ದಾರೆ. ಮೊನ್ನೆ ಮೊಳಕೆ ಬಂದಿದೆ.